ಟವರ್ ಸಿಗ್ನಲ್‌ನಿಂದಲೇ ಕಾಫಿ ತೋಟದ ಸೆನ್ಸರ್ ಓಡುತ್ತದೆಯೇ?

“ಬ್ಯಾಟರಿ ಬೇಡ, ಸೋಲಾರ್ ಬೇಡ. ಮೊಬೈಲ್ ಟವರಿನ ತರಂಗದಿಂದಲೇ ಜೀವನಪೂರ್ತಿ ಓಡುವ ಸೆನ್ಸರ್!” ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಇಂಥದ್ದೊಂದು ಫಾರ್ವರ್ಡನ್ನು ನಮಗೆ ಕಳಿಸಿ, “ಇದು ನಿಜವಾ? ಅಡ್ವಾನ್ಸ್ ಕೊಡಬಹುದಾ?” ಎಂದು ಕೇಳಿದರು. ಪೂರ್ತಿ ಸುಳ್ಳಲ್ಲ. ಆದರೆ ದುಡ್ಡು ಕೊಡುವ ಮುಂಚೆ ಸ್ವಲ್ಪ ಲೆಕ್ಕ ಹಾಕೋಣ.

ಮೊದಲು ನಿಜದ ಭಾಗ. ರೇಡಿಯೋ ತರಂಗದಲ್ಲಿ ಶಕ್ತಿ ಇದ್ದೇ ಇದೆ. ಆಂಟೆನಾ ಅದನ್ನು ಹಿಡಿಯುತ್ತದೆ, ಡಯೋಡ್ ಡಿಸಿ ಕರೆಂಟಾಗಿ ಬದಲಿಸುತ್ತದೆ, ಕೆಪಾಸಿಟರ್‌ನಲ್ಲಿ ಕೂಡಿಡಬಹುದು. ನಿಮ್ಮ ಕಾರಿನ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ; ಟೋಲ್ ಗೇಟಿನ ರೀಡರ್ ಬಿಡುವ ತರಂಗವೇ ಅದರ ಚಿಪ್ಪನ್ನು ಎಚ್ಚರಿಸಿ ಉತ್ತರ ಕೊಡಿಸುತ್ತದೆ. 2009ರಲ್ಲಿ ಅಮೆರಿಕದ ಸಿಯಾಟಲ್‌ನ ಸಂಶೋಧಕರು 4.1 ಕಿ.ಮೀ. ದೂರದ ಟಿ.ವಿ. ಟವರಿನಿಂದ 60 ಮೈಕ್ರೋವಾಟ್ ಹಿಡಿದು, ಉಷ್ಣತೆ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರ್ ಓಡಿಸಿದ್ದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸುತ್ತಮುತ್ತಲಿನ ಚೂರುಪಾರು ಶಕ್ತಿಯನ್ನು ಹೆಕ್ಕಿ ಉಪಕರಣ ಓಡಿಸುವ ಸಂಶೋಧನೆಗೆಂದೇ ಝೆನ್‌ಲ್ಯಾಬ್ ಎಂಬ ಪ್ರಯೋಗಾಲಯ ಇದೆ.

ಆದರೆ ಸಿಯಾಟಲ್‌ನ ಆ ಟವರಿನ ಸಾಮರ್ಥ್ಯ 960 ಕಿಲೋವಾಟ್. ಮೊಬೈಲ್ ಟವರಿನ ಒಂದೊಂದು ಆಂಟೆನಾಗೆ ಹೋಗುವುದು ಕೆಲವೇ ಹತ್ತು ವಾಟ್. ಅದನ್ನು ಒಂದೇ ದಿಕ್ಕಿಗೆ ಗುರಿಯಿಟ್ಟು ಬಿಟ್ಟರೂ ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಜೊತೆಗೆ ದೂರ ಎರಡು ಪಟ್ಟಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಬಯಲಿನ ಮಾತು. ನಡುವೆ ಗುಡ್ಡ, ಸಿಲ್ವರ್ ಓಕ್, ಮಳೆಯಲ್ಲಿ ತೊಯ್ದ ಎಲೆ ಬಂದರೆ ಇನ್ನೂ ಕಡಿಮೆ. ಕಳಸದ ಕಡೆ ಒಂದು ಕಾಲ್ ಮಾಡಲು ಗುಡ್ಡ ಹತ್ತುವವರಿಗೆ ಇದನ್ನು ವಿವರಿಸಬೇಕಿಲ್ಲ. ಸಿಗ್ನಲ್ಲೇ ಇಲ್ಲದ ಕಡೆ ಅದರಿಂದ ಕರೆಂಟ್ ಎಲ್ಲಿಂದ ಬರಬೇಕು?

ನೀವೇ ಪರೀಕ್ಷಿಸಬಹುದು. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ತೆರೆದರೆ ಮೈನಸ್ 90 ಡಿಬಿಎಂ ಎಂಬಂಥ ಸಂಖ್ಯೆ ಕಾಣುತ್ತದೆ. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವಾಟ್. ಪ್ರತಿ ಮೈನಸ್ ಹತ್ತಕ್ಕೆ ಹತ್ತನೇ ಒಂದು ಭಾಗ. ಅಂದರೆ ಮೈನಸ್ 90 ಎಂದರೆ ಮಿಲಿವಾಟ್‌ನ ನೂರು ಕೋಟಿಯಲ್ಲೊಂದು ಭಾಗ. 4ಜಿಯಲ್ಲಿ ತೋರಿಸುವುದು ಸಿಗ್ನಲ್‌ನ ಒಂದು ಎಳೆಯ ಲೆಕ್ಕ ಮಾತ್ರ. ಎಲ್ಲ ಎಳೆ ಸೇರಿಸಿ ಸಾವಿರ ಪಟ್ಟು ಎಂದುಕೊಂಡರೂ ಸಿಗುವುದು ಒಂದು ನ್ಯಾನೋವಾಟ್.

ಸೆನ್ಸರ್ ತೋಟದಿಂದ ಮನೆಗೆ ಒಂದು ಮೆಸೇಜ್ ಕಳಿಸಲು ಸುಮಾರು 0.1 ಜೂಲ್ ಬೇಕು. ಒಂದು ನ್ಯಾನೋವಾಟ್‌ನಲ್ಲಿ ಅಷ್ಟು ಕೂಡಿಡಲು ಹತ್ತು ಕೋಟಿ ಸೆಕೆಂಡ್, ಅಂದರೆ ಮೂರು ವರ್ಷಕ್ಕೊಂದು ಮೆಸೇಜ್! ಅದೂ ಏನೂ ಸೋರಿಹೋಗದಿದ್ದರೆ. ನಿಜದಲ್ಲಿ ಇಷ್ಟು ಕ್ಷೀಣ ಸಿಗ್ನಲ್‌ಗೆ ಡಯೋಡ್ ಹೆಚ್ಚುಕಮ್ಮಿ ಮಿಸುಕುವುದೇ ಇಲ್ಲ. (ಇದೇ ಟವರ್ ಸಿಗ್ನಲ್ ಗುಬ್ಬಚ್ಚಿಗಳನ್ನು ಸುಟ್ಟುಬಿಡುತ್ತದೆ ಎನ್ನುವ ಫಾರ್ವರ್ಡ್ ಕೂಡ ಅದೇ ಗ್ರೂಪಿನಲ್ಲಿ ಬರುತ್ತದೆ, ಬಿಡಿ.)

ಬೆಳೆಗಾರರಿಗೆ ಇದು ತಮಾಷೆಯಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೂಮಳೆಯ ಕಾಲ. ಒಂದು ಇಂಚು ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಮೊಗ್ಗು ಅರಳುತ್ತದೆ. ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಮಣ್ಣಿನ ತೇವ ಹೇಳಬೇಕಾದ ಸೆನ್ಸರ್ ಆ ವಾರವೇ ಸುಮ್ಮನಾದರೆ ಒಂದೋ ಡೀಸೆಲ್ ದಂಡ, ಇಲ್ಲವೇ ಫಸಲಿಗೇ ಪೆಟ್ಟು.

ಹಾಗಾದರೆ ಯಾವುದು ಓಡುತ್ತದೆ? ಗಂಟೆಗೊಂದು ಮೆಸೇಜ್ ಕಳಿಸಿ ಉಳಿದ ಹೊತ್ತು ನಿದ್ದೆ ಮಾಡುವ ಸೆನ್ಸರಿಗೆ ಒಳ್ಳೆಯ ಲಿಥಿಯಂ ಸೆಲ್ಲೇ ಕೆಲವು ವರ್ಷ ಬರುತ್ತದೆ. ಪುಟ್ಟ ಸೋಲಾರ್ ಪ್ಯಾನೆಲ್ ನಮ್ಮ ನೆರಳಿನಲ್ಲೂ ಸಾಕು. ಪೂರ್ತಿ ಬಿಸಿಲಿನ ನೂರರಲ್ಲಿ ಒಂದು ಪಾಲು ಬಿದ್ದರೂ ಚದರ ಸೆಂಟಿಮೀಟರ್‌ಗೆ ಒಂದು ಮಿಲಿವಾಟ್, ಆ ನ್ಯಾನೋವಾಟ್‌ನ ಹತ್ತು ಲಕ್ಷ ಪಟ್ಟು. ಮಳೆಗಾಲದಲ್ಲಿ ಅದರ ಮೇಲೆ ಕಟ್ಟುವ ಪಾಚಿ ಒರೆಸುವ ಕೆಲಸ ಮಾತ್ರ ತಪ್ಪದು. ರೇಡಿಯೋ ತರಂಗದ ವಿದ್ಯೆ ಹೊಂದುವುದು ಗೋಡೌನಿಗೆ: ಕಾಫಿ ಚೀಲಕ್ಕೆ ಬ್ಯಾಟರಿಯಿಲ್ಲದ ಟ್ಯಾಗ್ ಹಾಕಿ, ಕೈಯಲ್ಲಿ ರೀಡರ್ ಹಿಡಿದು ಕೆಲವು ಅಡಿ ಹತ್ತಿರ ಹೋದರೆ ಅದು ತೇವಾಂಶ ಹೇಳಬಲ್ಲದು, ಫಾಸ್ಟ್ಯಾಗ್‌ನಂತೆಯೇ.

ಮಾರಲು ಬಂದವರನ್ನು ಒಂದೇ ಪ್ರಶ್ನೆ ಕೇಳಿ: “ಎಷ್ಟು ಡಿಬಿಎಂ ಇದ್ದರೆ ಇದು ಓಡುತ್ತದೆ?” ಅವರು ಮೈನಸ್ 20ರ ಆಸುಪಾಸು ಹೇಳಿದರೆ, ಅಷ್ಟು ಸಿಗುವುದು ಟವರಿನ ತೀರಾ ಹತ್ತಿರ. ಉತ್ತರವೇ ಬರದಿದ್ದರೆ, ಜುಲೈನಲ್ಲಿ ತೋಟದ ತಗ್ಗಿನ ಮೂಲೆಯಲ್ಲಿ ಒಂದು ವಾರ ಇಟ್ಟು ತೋರಿಸಲು ಹೇಳಿ. ಅಡ್ವಾನ್ಸ್ ಮಾತು ಆಮೇಲೆ.