ಮಳೆ ಅಳೆಯುವ ಮನೆಯಲ್ಲಿ ಬಿಸಿ ಅಳೆಯದ ಕಂಪ್ಯೂಟರ್

ಕೊಡಗಿನಲ್ಲಿ ಅಳತೆ ಗೊತ್ತಿಲ್ಲದ ತೋಟದ ಮನೆ ಸಿಗುವುದು ಕಷ್ಟ. ಬಾಳೆಲೆಯ ಕಡೆ ನಿನ್ನೆ ಮಳೆ ಹೇಗಿತ್ತು ಎಂದು ಕೇಳಿ ನೋಡಿ. ‘ಜೋರಿತ್ತು’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ‘ಎರಡು ಇಂಚು ಹತ್ತು ಸೆಂಟ್’ ಎನ್ನುತ್ತಾರೆ. ಅಂಗಳದ ಮಳೆ ಮಾಪಕದ ಲೆಕ್ಕ ದಿನಾ ಪುಸ್ತಕಕ್ಕೆ ಏರುತ್ತದೆ. ಹೂಮಳೆ ಸಾಕಷ್ಟು ಬಿತ್ತೋ, ಸ್ಪ್ರಿಂಕ್ಲರ್ ಹಾಕಬೇಕೋ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ. ಕಾಫಿ ಮಾರುವಾಗಲೂ ಅಷ್ಟೇ. 50 ಕೆಜಿ ಚೆರಿಯಿಂದ ಎಷ್ಟು ಕೆಜಿ ಬೇಳೆ ಬರುತ್ತದೆ ಎಂಬ ಔಟ್‌ಟರ್ನ್ ಲೆಕ್ಕ ತಿಳಿಯದ ಬೆಳೆಗಾರ ವ್ಯಾಪಾರಿ ಹೇಳಿದ್ದನ್ನು ಒಪ್ಪಬೇಕು, ತಿಳಿದವನು ಎದುರು ಮಾತಾಡಬಲ್ಲ.

ಅದೇ ಮನೆಯ ಮೂಲೆಯಲ್ಲಿರುವ ಕಂಪ್ಯೂಟರಿನ ವಿಷಯಕ್ಕೆ ಬಂದರೆ ಮಾತ್ರ ‘ಯಾಕೋ ಬಿಸಿಯಾಗ್ತದೆ’, ‘ಯಾಕೋ ಆಫ್ ಆಗ್ತದೆ’, ‘ಯಾಕೋ ಸ್ಲೋ’. ನನ್ನ ತಕರಾರು ಈ ‘ಯಾಕೋ’ ಮೇಲೆ. ಇದಕ್ಕೆ ಉತ್ತರ ಯಂತ್ರದೊಳಗೇ ಇದೆ, ಅದನ್ನು ತೋರಿಸುವ ಮುಕ್ತ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. ಹೀಗಿದ್ದೂ ನೋಡದಿರುವುದನ್ನು ನಾವು ಮುಗ್ಧತೆ ಎಂದುಕೊಂಡಿದ್ದೇವೆ. ಅದು ಸೋಮಾರಿತನ, ಮತ್ತು ನಮ್ಮ ಸೋಮಾರಿತನದಿಂದ ಲಾಭವಾಗುವುದು ಬೇರೆಯವರಿಗೆ.

ಒಳಗೆ ಏನಿದೆ ನೋಡೋಣ. ಪ್ರೊಸೆಸರ್ ತನ್ನ ಬಿಸಿಯನ್ನು ತಾನೇ ಅಳೆದುಕೊಳ್ಳುತ್ತದೆ. ಮದರ್‌ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪು ವೋಲ್ಟೇಜುಗಳನ್ನು ಓದುತ್ತದೆ. ಫ್ಯಾನು ಒಂದು ಸುತ್ತಿಗೆ ಸಾಮಾನ್ಯವಾಗಿ ಎರಡು ಮಿಡಿತ ಕಳಿಸುತ್ತದೆ, ಅವನ್ನು ಎಣಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಸಿಗುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಎಂಬ ತಂತ್ರಾಂಶ 1990ರ ದಶಕದ ಕೊನೆಯಿಂದಲೂ ಈ ಸಂಖ್ಯೆಗಳನ್ನು ಓದಿ ಹೇಳುತ್ತಿದೆ. ವಿಂಡೋಸ್‌ನಲ್ಲಿ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಇದೆ. ಎರಡೂ ಹಣ ಕೇಳುವುದಿಲ್ಲ, ಖಾತೆ ತೆರೆಯಿರಿ ಎನ್ನುವುದಿಲ್ಲ.

ಈ ಸಂಖ್ಯೆಗಳಿಂದ ಏನು ತಿಳಿಯುತ್ತದೆ? ಡಿಸೆಂಬರಿನಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಫಿ ಒಣಗುವಾಗ ಏಳುವ ದೂಳು ಫ್ಯಾನಿಗೆ ಅಂಟುತ್ತದೆ, ಜೂನಿನಲ್ಲಿ ತೇವ ಬಂದು ಅದನ್ನು ಗಟ್ಟಿ ಮಾಡುತ್ತದೆ. ಫ್ಯಾನಿನ ವೇಗ ಇಳಿಯುತ್ತದೆ, ಇಲ್ಲವೇ ಫ್ಯಾನು ಅರಚುವಷ್ಟು ತಿರುಗಿದರೂ ಗಾಳಿ ಹೋಗದೆ ಬಿಸಿ ಏರುತ್ತದೆ. ಇಂಟೆಲ್‌ನ ಅನೇಕ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಮ್ಮ ಓಟವನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತವೆ. ನಮಗೆ ಕಾಣುವುದು ‘ಸ್ಲೋ ಆಗಿದೆ’ ಎಂಬುದಷ್ಟೇ, ಸಿಗುವ ಸಲಹೆ ‘ಹಳೆಯದಾಯಿತು, ಹೊಸದು ತಗೊಳ್ಳಿ’. ಬೇಕಾಗಿದ್ದದ್ದು ಒಂದು ಬ್ರಶ್ಶು ಮತ್ತು ಒಂದಿಷ್ಟು ಥರ್ಮಲ್ ಪೇಸ್ಟ್.

ಇನ್ನು ವೋಲ್ಟೇಜು. ಡೆಸ್ಕ್‌ಟಾಪಿನ 12 ವೋಲ್ಟ್ ಸಾಲು ಶೇಕಡಾ 5ರಷ್ಟು ಮಾತ್ರ ಹೆಚ್ಚುಕಡಿಮೆ ಆಗಬಹುದು, ಅಂದರೆ 11.4ರಿಂದ 12.6ರ ಒಳಗೆ ಇರಬೇಕು. 5 ವೋಲ್ಟಿನದು 4.75ರಿಂದ 5.25. ಕೆಲಸದ ಹೊರೆ ಬಿದ್ದಾಗಲೆಲ್ಲ 12ರ ಸಾಲು 11.4ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಎಸ್‌ಎಂಪಿಎಸ್ಸನ್ನು, ಮದರ್‌ಬೋರ್ಡನ್ನಲ್ಲ. ದಿನಾಂಕ ಪದೇಪದೇ ಹಿಂದಕ್ಕೆ ಹೋಗುತ್ತಿದೆಯೇ? ಮದರ್‌ಬೋರ್ಡಿನ ಗುಂಡಿ ಸೆಲ್ಲಿನ 3 ವೋಲ್ಟ್ ಎಷ್ಟು ಉಳಿದಿದೆ ಎಂದು ನೋಡಿ. ಅನೇಕ ಬೋರ್ಡುಗಳು ಅದನ್ನೂ ತೋರಿಸುತ್ತವೆ.

‘ಮದರ್‌ಬೋರ್ಡ್ ಹೋಗಿದೆ’ ಎಂಬ ಒಂದೇ ತೀರ್ಪಿಗೆ ಎಷ್ಟು ಕಂಪ್ಯೂಟರುಗಳು ಅಟ್ಟ ಸೇರಿವೆಯೋ! ರಿಪೇರಿಯವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ನಮ್ಮ ಕೈಯಲ್ಲಿ ಒಂದೂ ಸಂಖ್ಯೆಯಿಲ್ಲದೆ ಅಂಗಡಿಗೆ ಹೋದರೆ ಪ್ರಾಮಾಣಿಕನೂ ಊಹೆಯನ್ನೇ ಮಾಡಬೇಕಾಗುತ್ತದೆ. ‘ಆನ್ ಮಾಡಿದ ಹತ್ತು ನಿಮಿಷಕ್ಕೆ 95 ಡಿಗ್ರಿ ಮುಟ್ಟಿ ಆಫ್ ಆಗುತ್ತದೆ, ಫ್ಯಾನು 400 ಸುತ್ತು ದಾಟುವುದಿಲ್ಲ’ ಎಂದು ಹೇಳಿದ ಹುಡುಗಿಯ ಜೊತೆ ಅಂಗಡಿಯವನ ಮಾತೇ ಬೇರೆ ಧಾಟಿಗೆ ತಿರುಗುತ್ತದೆ.

ಕಂಪನಿಗಳೂ ತಮ್ಮದೇ ತಂತ್ರಾಂಶ ಕೊಡುತ್ತವಲ್ಲ ಎನ್ನಬಹುದು. ಸಾಮಾನ್ಯವಾಗಿ ಅವು ಆ ಕಂಪನಿಯ ಬೋರ್ಡಿಗೆ ಮಾತ್ರ, ಆ ಕಂಪನಿಗೆ ಆಸಕ್ತಿ ಇರುವವರೆಗೆ ಮಾತ್ರ. ಹಳೆಯ ಯಂತ್ರಗಳ ಮೇಲೆ ಬದುಕುವ ಊರಿಗೆ ಅದರಿಂದ ಏನು ಉಪಯೋಗ? ಓಪನ್ ಹಾರ್ಡ್‌ವೇರ್ ಮಾನಿಟರ್ ಎಂಬ ಮುಕ್ತ ತಂತ್ರಾಂಶದ ಕೆಲಸ ನಿಧಾನವಾದಾಗ ಬೇರೆಯವರು ಅದರ ಮೂಲವನ್ನೇ ತೆಗೆದುಕೊಂಡು ಮುಂದುವರಿಸಿದರು. ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಹುಟ್ಟಿದ್ದು ಹಾಗೆ. ಮುಚ್ಚಿದ ತಂತ್ರಾಂಶವನ್ನು ಮಾಲೀಕ ಬಿಟ್ಟರೆ ಎತ್ತಿಕೊಳ್ಳುವ ಹಕ್ಕು ಯಾರಿಗೂ ಇರುವುದಿಲ್ಲ.

ಆಕ್ಷೇಪಗಳಿವೆ, ಕೆಲವು ನಿಜ ಕೂಡ. ಸಂಖ್ಯೆಗಳು ಸುಳ್ಳಾಡುತ್ತವೆ: ಜೋಡಿಸದ ಸೆನ್ಸರ್ 127 ಡಿಗ್ರಿ ಎನ್ನಬಹುದು, ಬೋರ್ಡಿನ ಗುರುತು ಸಿಗದಿದ್ದರೆ 12 ವೋಲ್ಟಿನ ಸಾಲು ಅರ್ಥವಿಲ್ಲದ ಅಂಕಿ ತೋರಿಸಬಹುದು. ಆದ್ದರಿಂದಲೇ ಒಂದು ದಿನದ ಸಂಖ್ಯೆ ಸಾಲದು, ಯಂತ್ರ ಚೆನ್ನಾಗಿರುವಾಗಿನ ಅಂಕಿಗಳನ್ನೂ ಬರೆದಿಟ್ಟುಕೊಂಡಿರಬೇಕು. ಮಳೆ ಪುಸ್ತಕಕ್ಕೆ ಬೆಲೆ ಬಂದದ್ದು ಹಳೆಯ ಪುಟಗಳಿಂದ ತಾನೇ? ಇನ್ನೊಂದು, ಲ್ಯಾಪ್‌ಟಾಪುಗಳಲ್ಲಿ ಈ ವೋಲ್ಟೇಜುಗಳು ಹೆಚ್ಚಾಗಿ ಕಾಣುವುದಿಲ್ಲ. ಬಿಸಿ ಮತ್ತು ಬ್ಯಾಟರಿಯ ಉಳಿದ ಶಕ್ತಿ ಕಾಣುತ್ತವೆ.

ಸುರಕ್ಷತೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಿಂಡೋಸ್‌ನ ಇಂಥ ಹಲವು ತಂತ್ರಾಂಶಗಳು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರಿನಲ್ಲಿ ದೋಷವಿದೆಯೆಂದು 2025ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅದನ್ನು ತಡೆಯತೊಡಗಿತು. ದೋಷ ನಿಜವೇ, ಹೊಸ ಆವೃತ್ತಿಗಳನ್ನೇ ಬಳಸಬೇಕು. ಆದರೆ ಅದರ ಚರ್ಚೆ ಎಲ್ಲರ ಕಣ್ಣೆದುರು ನಡೆಯಿತು, ಅದೇ ಡ್ರೈವರನ್ನು ಹೊತ್ತ ಮುಚ್ಚಿದ ತಂತ್ರಾಂಶಗಳೂ ಇದ್ದವು. ಬಾಗಿಲು ತೆರೆದಿದ್ದ ಮನೆಯ ಬಿರುಕು ಮೊದಲು ಕಂಡಿತೆಂದು ಬಾಗಿಲು ಮುಚ್ಚಿದ ಮನೆಯಲ್ಲಿ ಬಿರುಕಿಲ್ಲ ಎನ್ನಲಾದೀತೇ?

‘ಕರೆಂಟೇ ಸರಿಯಿಲ್ಲದ ಊರಿನಲ್ಲಿ ಇದರಿಂದೇನು’ ಎಂಬ ಮಾತೂ ಇದೆ. ಮರ ಬಿದ್ದು ತಂತಿ ಹರಿದರೆ ತಂತ್ರಾಂಶ ಕರೆಂಟು ತರುವುದಿಲ್ಲ, ಗೋಡೆಯ 230 ವೋಲ್ಟನ್ನು ಈ ಚಿಪ್ಪುಗಳು ಅಳೆಯುವುದೂ ಇಲ್ಲ. ಯುಎಸ್‌ಬಿ ಜೋಡಣೆಯಿರುವ ಯುಪಿಎಸ್ ಇದ್ದರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಅನೇಕ ಮಾದರಿಗಳಲ್ಲಿ ಅದನ್ನೂ ಓದಿ ದಾಖಲಿಸುತ್ತದೆ. ‘ವೋಲ್ಟೇಜ್ ಸರಿಯಿಲ್ಲ ಸ್ವಾಮಿ’ ಎಂಬ ದೂರಿಗೂ, ತಾರೀಕು ಗಂಟೆ ಸಮೇತ ಕೊಟ್ಟ ತಿಂಗಳ ಪಟ್ಟಿಗೂ ಕಚೇರಿಯಲ್ಲಿ ಸಿಗುವ ಉತ್ತರ ಒಂದೇ ಆಗಿರಲಾರದು.

ಸಾಹಿತ್ಯದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿಗೆ ತೇಜಸ್ವಿಯವರನ್ನು ನೆನಪಿಸುತ್ತೇನೆ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡೇ ಅವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಲೇಖಕರ ಪ್ರಶ್ನೆಯಾಗಿ ಎತ್ತಿದರು. ನಾವು ಬರೆಯುವುದು ಯಂತ್ರದ ಮೇಲೆ, ಓದುವುದು ಯಂತ್ರದ ಮೇಲೆ. ಬರೆಹ ಅರ್ಧಕ್ಕೆ ಮಾಯವಾದರೆ ಹಲುಬುತ್ತೇವೆ, ಆದರೆ ಆ ಯಂತ್ರದ ಒಳಮಾತು ಕೇಳುವುದು ಇಂಜಿನಿಯರರ ಕೆಲಸವೆಂದು ಕೈತೊಳೆಯುತ್ತೇವೆ. ಜ್ವರ ನೋಡಲು ಡಾಕ್ಟರರಾಗಬೇಕೇ? ಥರ್ಮಾಮೀಟರ್ ಓದಲು ಬಂದರೆ ಸಾಕು.

ಕೆಲಸವೂ ದೊಡ್ಡದಲ್ಲ. ಹಳ್ಳಿ ಶಾಲೆ ಕಾಲೇಜುಗಳ ಲ್ಯಾಬಿನ ಪ್ರತಿ ಯಂತ್ರದಲ್ಲೂ ಇಂಥದೊಂದು ತಂತ್ರಾಂಶವಿರಲಿ. ವಾರಕ್ಕೊಮ್ಮೆ ಮಕ್ಕಳೇ ಬಿಸಿ, ಸುತ್ತು, ವೋಲ್ಟೇಜುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಕಂಪ್ಯೂಟರ್ ಪಾಠವೆಂದರೆ ಭಾಗಗಳ ಚಿತ್ರ ಬಿಡಿಸಿ ಹೆಸರು ಬರೆಯುವುದು ಎಂಬ ಕಾಲ ಅಲ್ಲಿಗೆ ಮುಗಿಯಲಿ. ಅಂಕಿಗಳ ಅರ್ಥ ಹೇಳುವ ನಾಲ್ಕು ಪುಟದ ಕನ್ನಡ ಕೈಪಿಡಿಯನ್ನು ಇದನ್ನು ಓದುತ್ತಿರುವ ವಿದ್ಯಾರ್ಥಿಗಳೇ ಬರೆಯಬಹುದು. ಮುಕ್ತ ತಂತ್ರಾಂಶ ಯಾರ ಅನುಮತಿಗೂ ಕಾಯಿಸುವುದಿಲ್ಲ. ಕಾಯುತ್ತ ಕೂತಿರುವವರು ನಾವು.