ಸಿಂಪರಣೆ ಮಾಡುವವರ ಆರೋಗ್ಯ: ಕೋಲಾರ ಜಿಲ್ಲೆಯ ಟೊಮೆಟೊ ಹೊಲ, ಮಾವಿನ ತೋಪುಗಳಲ್ಲಿ ಲೆಕ್ಕಕ್ಕೆ ಸಿಗದ ಅಪಾಯ

ದೇಶದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಅವುಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020, ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಉದ್ಯೋಗ ಸ್ಥಳಗಳಿಗೆ ಅನ್ವಯಿಸುತ್ತದೆ. ನಿಗದಿತ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವ ಹೊಣೆಯನ್ನು ಅದು ಮಾಲೀಕರ ಮೇಲೆ ಹೊರಿಸುತ್ತದೆ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳೂ ಮಾಲೂರಿನ ದೊಡ್ಡ ಇಟ್ಟಿಗೆ ಗೂಡುಗಳೂ ಈ ವ್ಯಾಪ್ತಿಗೆ ಬರುತ್ತವೆ. ಆದರೆ ಅದೇ ಗ್ರಾಮಗಳಿಂದ ಮುಳಬಾಗಿಲಿನ ಟೊಮೆಟೊ ಹೊಲಕ್ಕೋ ಶ್ರೀನಿವಾಸಪುರದ ಮಾವಿನ ತೋಪಿಗೋ ಕೂಲಿಗೆ ಹೋಗಿ ಸಿಂಪರಣೆ ಮಾಡುವವರಿಗೆ ಈ ರಕ್ಷಣೆ ಬಹುಮಟ್ಟಿಗೆ ದೊರೆಯುವುದಿಲ್ಲ. ಒಂದೆರಡು ಎಕರೆ ಹೊಲದಲ್ಲಿ ಹತ್ತು ಜನ ಕೂಲಿಗಳು ಒಟ್ಟಿಗೆ ಇರುವುದು ಅಪರೂಪ. ಮೇಲಾಗಿ ಅವರಿಗೆ ಇಂದು ಒಬ್ಬ ಮಾಲೀಕ, ನಾಳೆ ಮತ್ತೊಬ್ಬ.

ಈ ಅಂತರವು ಕಾರ್ಮಿಕರ ಆರೋಗ್ಯದ ಮೇಲೆ ಬೀರುವ ಪರಿಣಾಮವೇನು, ಈಗಿರುವ ನಿಯಮಗಳು ಏನು ಹೇಳುತ್ತವೆ, ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಏನು ಮಾಡಲು ಸಾಧ್ಯ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಬೆಳೆಯ ಸ್ವರೂಪ ಮತ್ತು ಬೆಲೆಯ ಒತ್ತಡ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಕೊಳವೆಬಾವಿ, ಹನಿ ನೀರಾವರಿ, ಪ್ಲಾಸ್ಟಿಕ್ ಹೊದಿಕೆ, ಆಸರೆ ಕಡ್ಡಿ, ದುಬಾರಿ ಬೀಜ ಎಲ್ಲವೂ ಸೇರಿ ಟೊಮೆಟೊ ಬೆಳೆಯ ಬಂಡವಾಳ ದೊಡ್ಡದಾಗಿದೆ. ಬಿಳಿನೊಣದಿಂದ ಹರಡುವ ಎಲೆ ಮುಟುರು ನಂಜುರೋಗ, ಕಾಯಿಕೊರಕ, 2014ರಲ್ಲಿ ದೇಶದಲ್ಲಿ ಮೊದಲು ವರದಿಯಾದ ಟೂಟಾ ಊಜಿ ಪತಂಗ, ಅಂಗಮಾರಿ ರೋಗಗಳು ಈ ಬಂಡವಾಳವನ್ನು ಕೆಲವೇ ದಿನಗಳಲ್ಲಿ ನುಂಗಬಲ್ಲವು. ಹಾಗಾಗಿ ಪೀಡೆ ಕಾಣಿಸುವ ಮೊದಲೇ ವಿಮೆಯ ಕಂತು ಕಟ್ಟಿದಂತೆ ಸಿಂಪರಣೆ ಮಾಡುವ ರೂಢಿ ಬೆಳೆದಿದೆ. ಕೀಟನಾಶಕ, ಶಿಲೀಂಧ್ರನಾಶಕ, ಲಘು ಪೋಷಕಾಂಶಗಳನ್ನು ಒಂದೇ ಡ್ರಮ್ಮಿನಲ್ಲಿ ಬೆರೆಸುವುದೂ ಸಾಮಾನ್ಯವಾಗಿದೆ. ಇಂತಹ ಮಿಶ್ರಣವು ಮನುಷ್ಯನ ದೇಹದ ಮೇಲೆ ಹೇಗೆ ವರ್ತಿಸುತ್ತದೆಂಬುದು ಯಾವ ಪೊಟ್ಟಣದ ಮೇಲೂ ಬರೆದಿರುವುದಿಲ್ಲ.

ಬೆಲೆಯ ಏರಿಳಿತವೂ ಈ ಒತ್ತಡಕ್ಕೆ ಸೇರುತ್ತದೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ಋತುಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಬದಿ ಸುರಿದದ್ದೂ ಉಂಟು. ಬೆಲೆ ಏರಿದಾಗ ಒಂದು ಹಣ್ಣೂ ಕೆಡಬಾರದೆಂದು ಸಿಂಪರಣೆ ಹೆಚ್ಚುತ್ತದೆ. ಬೆಲೆ ಕುಸಿದಾಗ ಕೈಗವಸು, ಮುಖರಕ್ಷೆಯಂತಹ ವೆಚ್ಚಕ್ಕೆ ಮೊದಲು ಕತ್ತರಿ ಬೀಳುತ್ತದೆ. ಎರಡೂ ಸಂದರ್ಭಗಳಲ್ಲಿ ಹೊರೆ ಬೀಳುವುದು ಪಂಪು ಹೊರುವವರ ಮೇಲೆ. ಮಾವಿನ ಸ್ಥಿತಿಯೂ ಭಿನ್ನವಲ್ಲ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದಾಗ ಕೇಂದ್ರ ಸರ್ಕಾರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲಿಗೆ 1,616 ರೂಪಾಯಿಯಂತೆ ರಾಜ್ಯದ 2.5 ಲಕ್ಷ ಟನ್‌ವರೆಗಿನ ಮಾವಿಗೆ ನೆರವು ಘೋಷಿಸಬೇಕಾಯಿತು. ಇಂತಹ ವರ್ಷದಲ್ಲಿ ತೋಪಿನ ಮಾಲೀಕರು ಕಾರ್ಮಿಕರ ಸುರಕ್ಷತೆಗೆ ಹಣ ಎತ್ತಿಡುವುದು ಕಷ್ಟವೆಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕಾಗುತ್ತದೆ.

ವಿಷ ದೇಹವನ್ನು ಸೇರುವ ದಾರಿ

ಸಿಂಪರಣೆಯ ವಿಷ ಮೂಗಿನಿಂದಲೇ ಒಳಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಹೊಲದ ಕೆಲಸದಲ್ಲಿ ಹೆಚ್ಚಿನ ಪಾಲು ಚರ್ಮದ ಮೂಲಕ ದೇಹ ಸೇರುತ್ತದೆ. ಮುಚ್ಚಳ ಸೋರುವ ಬೆನ್ನುಪಂಪಿನಿಂದ ಬೆನ್ನು ಮತ್ತು ಸೊಂಟ ತೋಯುತ್ತವೆ. ಆಸರೆ ಕೊಟ್ಟ ಟೊಮೆಟೊ ಎದೆಯೆತ್ತರ ಬೆಳೆದಾಗ ಸಾಲಿನ ನಡುವೆ ಮುಂದಕ್ಕೆ ನಡೆಯುತ್ತಾ ಸಿಂಪಡಿಸುವವರ ತೊಡೆ, ಹೊಟ್ಟೆ, ತೋಳುಗಳಿಗೆ ಒದ್ದೆ ಎಲೆ ಒರೆಸಿಕೊಳ್ಳುತ್ತದೆ. ಮಾವಿನಲ್ಲಿ ಗನ್ನನ್ನು ಮೇಲ್ಮುಖವಾಗಿ ಹಿಡಿಯುವುದರಿಂದ ಹನಿಗಳು ಮರಳಿ ಮುಖ, ಕತ್ತು, ಕಣ್ಣುಗಳ ಮೇಲೆ ಬೀಳುತ್ತವೆ. ಪಾಲಿಹೌಸ್‌ಗಳಲ್ಲಿ ಗಾಳಿಯ ಸಂಚಾರ ಕಡಿಮೆಯಾದ್ದರಿಂದ ಆವಿ ಬಹುಹೊತ್ತು ಒಳಗೇ ನಿಲ್ಲುತ್ತದೆ. ಬಿಸಿಲಿನಲ್ಲಿ ಬೆವರಿದ ಚರ್ಮ ವಿಷವನ್ನು ಇನ್ನೂ ಬೇಗ ಹೀರುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ತೋಯ್ದ ಮೇಲೆ ರಕ್ಷಣೆ ನೀಡುವುದಿಲ್ಲ. ವಿಷವನ್ನು ಮೂಗು ಬಾಯಿಗೆ ಅಂಟಿಸಿ ಇಟ್ಟುಕೊಳ್ಳುತ್ತದೆ.

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ಸಂದೇಶವನ್ನು ನಿಯಂತ್ರಿಸುವ ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಆರಂಭದಲ್ಲಿ ತಲೆನೋವು, ವಾಕರಿಕೆ, ಅತಿಯಾದ ಬೆವರು, ಸುಸ್ತು ಕಾಣಿಸುತ್ತವೆ. ಇವೆಲ್ಲವೂ ಬಿಸಿಲಿನ ಆಯಾಸದಂತೆಯೇ ಇರುವುದರಿಂದ ಮಜ್ಜಿಗೆ ಕುಡಿದು ನೆರಳಲ್ಲಿ ಮಲಗಿದರೆ ಸರಿಹೋಗುತ್ತದೆ ಎಂದು ಬಿಟ್ಟುಬಿಡುವವರೇ ಹೆಚ್ಚು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಬಾಯಲ್ಲಿ ಜೊಲ್ಲು ಸುರಿಯುವುದು, ದೃಷ್ಟಿ ಮಸುಕಾಗುವುದು, ಮಾಂಸಖಂಡ ಅದುರುವುದು, ಉಸಿರಾಟಕ್ಕೆ ಕಷ್ಟವಾಗುವುದು ವಿಷಬಾಧೆಯ ಸ್ಪಷ್ಟ ಸೂಚನೆಗಳು. ಕಿಣ್ವವು ಪೂರ್ತಿ ಚೇತರಿಸಿಕೊಳ್ಳಲು ವಾರಗಳೇ ಬೇಕಾಗುವುದರಿಂದ, ದಿನಬಿಟ್ಟು ದಿನ ಬೇರೆಬೇರೆ ಹೊಲಗಳಲ್ಲಿ ಸಿಂಪಡಿಸುವವರಲ್ಲಿ ಸಣ್ಣ ಪ್ರಮಾಣಗಳೂ ಕೂಡುತ್ತಾ ಹೋಗುತ್ತವೆ. ಇಂದಿನ ಮಾಲೀಕರಿಗೆ ನಿನ್ನೆಯ ಹೊಲದಲ್ಲಿ ಏನು ಸಿಂಪಡಿಸಲಾಗಿತ್ತು ಎಂಬುದು ತಿಳಿದಿರುವುದಿಲ್ಲ.

ಪಂಪು ಮುಟ್ಟದವರೂ ಅಪಾಯದಿಂದ ಹೊರತಲ್ಲ. ಟೊಮೆಟೊ ಕೊಯ್ಲು ಮೂರು-ನಾಲ್ಕು ದಿನಗಳಿಗೊಮ್ಮೆ ನಡೆಯುತ್ತದೆ. ಹಿಂದಿನ ಸಂಜೆ ಸಿಂಪರಣೆಯಾದ ಸಾಲುಗಳಿಗೆ ಮರುದಿನ ಮುಂಜಾನೆ ಇಬ್ಬನಿಯಲ್ಲೇ ಇಳಿಯುವವರು ಬಹುತೇಕ ಮಹಿಳೆಯರು. ಸಿಂಪರಣೆಯ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಂದಿಗೆ ಒಗೆಯುವವರೂ ಅವರೇ. ಮಾವಿನ ಮಂಡಿಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಅದರಿಂದ ಹೊಮ್ಮುವ ಅನಿಲದಲ್ಲಿ ಆರ್ಸೆನಿಕ್ ಮತ್ತು ರಂಜಕದ ವಿಷಕಾರಿ ಅಂಶಗಳು ಬೆರೆತಿರುತ್ತವೆ. ತಿನ್ನುವವರಿಗಿಂತ ಮೊದಲು ಅವು ತಟ್ಟುವುದು ಪೊಟ್ಟಣ ಇಡುವ ಕಾರ್ಮಿಕರಿಗೆ. ಅನುಮತಿಯಿರುವ ಎಥಿಲೀನ್ ಅನಿಲದ ಮಾಗುಕೋಣೆ ಇದಕ್ಕೆ ಪರ್ಯಾಯ.

ಈ ವಿಷಗಳನ್ನು ನಾವು ರೂಢಿಯಲ್ಲಿ ‘ಔಷಧಿ’ ಎನ್ನುತ್ತೇವೆ. ‘ಔಷಧಿ ಹೊಡೆಯುವುದು’ ಎಂಬುದೇ ಆಡುಮಾತು. ಗಿಡಕ್ಕೆ ಔಷಧಿಯಾದದ್ದು ಮನುಷ್ಯನಿಗೆ ವಿಷ ಎಂಬ ಎಚ್ಚರವನ್ನು ಈ ಪದ ಮರೆಮಾಡುತ್ತದೆ. ತರಬೇತಿಗಳಲ್ಲಿ, ಕರಪತ್ರಗಳಲ್ಲಿ ‘ಪೀಡೆನಾಶಕ’ ಎಂಬ ಪದವನ್ನೇ ಬಳಸುವುದು ಸೂಕ್ತ.

ನಿಷೇಧಗಳು ಮತ್ತು ನಿಯಮಗಳು

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಸಿಂಪರಣೆ ವೇಳೆ ವಿಷ ತಗುಲಿ 20ಕ್ಕೂ ಹೆಚ್ಚು ರೈತರು ಮತ್ತು ಕಾರ್ಮಿಕರು ಮೃತಪಟ್ಟರು. ಆಳೆತ್ತರ ಬೆಳೆದ ಬೆಳೆ, ಬಿಸಿ ಹವೆ, ಹಲವು ರಾಸಾಯನಿಕಗಳ ಮಿಶ್ರಣ, ರಕ್ಷಣಾ ಉಡುಪಿನ ಕೊರತೆ ಅಲ್ಲಿ ಒಟ್ಟುಗೂಡಿದ್ದವು. ನಮ್ಮ ಆಸರೆ ಟೊಮೆಟೊ ಹೊಲಗಳಲ್ಲೂ ಈ ನಾಲ್ಕೂ ಒಟ್ಟಿಗೆ ಸೇರುವ ದಿನಗಳಿವೆ.

ನಿಷೇಧಗಳ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳು ಮುಂದೆ ಬಿದ್ದಿವೆ. ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ತಡೆಯಿತು. ಅದರ ಹಿಂದೆ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಪುಗಳ ಸುತ್ತಲಿನ ಜನರ ದೀರ್ಘ ನೋವಿತ್ತು. 2018ರ ಆದೇಶದಂತೆ ಡೈಕ್ಲೋರ್‌ವಾಸ್, ಫೋರೇಟ್, ಟ್ರೈಜೋಫಾಸ್ ಸೇರಿದಂತೆ ಆರು ಪೀಡೆನಾಶಕಗಳ ಬಳಕೆ 2020ರ ಡಿಸೆಂಬರ್ 31ರಿಂದ ನಿಂತಿತು. 2005ರಲ್ಲೇ ತರಕಾರಿಗಳ ಮೇಲೆ ನಿಷೇಧವಾಗಿದ್ದ ಮೊನೊಕ್ರೋಟೋಫಾಸ್‌ನ ಶೇ. 36ರ ದ್ರಾವಣವನ್ನು 2023ರ ಸೆಪ್ಟೆಂಬರ್ ಆದೇಶವು ಪೂರ್ತಿಯಾಗಿ ಹಿಂತೆಗೆಯುವ ಕ್ರಮ ಕೈಗೊಂಡಿತು. ಅದೇ ಆದೇಶದಂತೆ ಮೆಲಾಥಿಯಾನ್ ಅನ್ನು ಟೊಮೆಟೊ ಮತ್ತು ಮಾವಿಗೂ, ಡೈಮೆಥೊಯೇಟ್ ಅನ್ನು ಹಸಿಯಾಗಿ ತಿನ್ನುವ ಹಣ್ಣು-ತರಕಾರಿಗಳಿಗೂ ಬಳಸುವಂತಿಲ್ಲ. ಹಳೆಯ ಶಿಫಾರಸು ಪಟ್ಟಿಯನ್ನು ಇಂದಿಗೂ ನೆಚ್ಚಿಕೊಂಡಿರುವವರು ಇದನ್ನು ಗಮನಿಸಬೇಕು.

ಕೀಟನಾಶಕಗಳ ನಿಯಮಾವಳಿ, 1971, ಪೀಡೆನಾಶಕ ಬಳಸುವವರಿಗೆ ರಕ್ಷಣಾ ಉಡುಪು ಇರಬೇಕೆಂದು ಹೇಳುತ್ತದೆ. ಪೊಟ್ಟಣದ ಮೇಲಿನ ತ್ರಿಕೋನದ ಬಣ್ಣವೂ ಈ ನಿಯಮಾವಳಿಯ ಭಾಗ: ಕೆಂಪು ಅತ್ಯಂತ ವಿಷಕಾರಿ, ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರು ಎಂದರೆ ನಿರಪಾಯವೆಂದಲ್ಲ, ವಿಷದ ಪ್ರಮಾಣ ಕಡಿಮೆಯೆಂದಷ್ಟೇ ಅರ್ಥ. ಆದರೆ ಕೂಲಿಯವರ ಕೈಗೆ ಬರುವುದು ಪೊಟ್ಟಣವಲ್ಲ, ಡ್ರಮ್ಮಿನಲ್ಲಿ ಆಗಲೇ ಕಲಸಿಟ್ಟ ದ್ರಾವಣ. ಬಣ್ಣವೂ ಎಚ್ಚರಿಕೆಯೂ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಚಿನ್ನದ ಗಣಿಯಿಂದ ಕಲಿಯಬೇಕಾದದ್ದು

ದುಡಿಮೆಯ ರೋಗ ಈ ಜಿಲ್ಲೆಗೆ ಹೊಸದಲ್ಲ. ಕೋಲಾರ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ 1940ರ ದಶಕದಲ್ಲೇ ವೈದ್ಯಕೀಯವಾಗಿ ದಾಖಲಾಯಿತು. ಗಣಿಗೆ ಒಬ್ಬ ಮಾಲೀಕನಿದ್ದ, ಹಾಜರಿ ಪುಸ್ತಕವಿತ್ತು, ಆಸ್ಪತ್ರೆಯಿತ್ತು. ಯಾರು ಎಷ್ಟು ವರ್ಷ ಯಾವ ಕೆಲಸದಲ್ಲಿದ್ದರು ಎಂದು ತೋರಿಸಲು ಸಾಧ್ಯವಿತ್ತು. ಆದ್ದರಿಂದಲೇ ರೋಗವನ್ನು ಎಣಿಸಲಾಯಿತು, ಪರಿಹಾರದ ಪ್ರಶ್ನೆಯನ್ನು ಎತ್ತಲಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ನಂತರವೂ ಆ ಕಾಯಿಲೆ ಅಲ್ಲಿನ ಮನೆಗಳಲ್ಲಿ ಉಳಿಯಿತು.

ಸಿಂಪರಣೆ ಮಾಡುವ ಕೂಲಿಯವರಿಗೆ ಹಾಜರಿ ಪುಸ್ತಕವಿಲ್ಲ. ಆಸ್ಪತ್ರೆಗೆ ಬಂದರೂ ಯಾವ ರಾಸಾಯನಿಕವೆಂದು ಹೇಳಲು ಅವರಿಗೆ ತಿಳಿದಿರುವುದಿಲ್ಲ. ಬರೆದಿಡದ ಕಾಯಿಲೆಗೆ ಸರಿಯಾದ ಚಿಕಿತ್ಸೆಯೂ ದೊರೆಯದು, ಪರಿಹಾರವೂ ದೊರೆಯದು. ಆದುದರಿಂದ ಮೊದಲ ಸುಧಾರಣೆ ದುಬಾರಿ ಉಪಕರಣವಲ್ಲ, ಒಂದು ನೋಟ್‌ಪುಸ್ತಕ.

ರೈತರು ಕೈಗೊಳ್ಳಬಹುದಾದ ಕ್ರಮಗಳು

- ಪ್ರತಿ ಹೊಲಕ್ಕೂ ಸಿಂಪರಣಾ ಪುಸ್ತಕ ಇಡಿ. ದಿನಾಂಕ, ಪೀಡೆನಾಶಕದ ಹೆಸರು, ಪ್ರಮಾಣ, ಸಿಂಪಡಿಸಿದವರ ಹೆಸರು, ಆರಂಭ ಮತ್ತು ಮುಕ್ತಾಯದ ವೇಳೆ, ಕೊಯ್ಲಿಗೆ ಇಳಿಯಬಹುದಾದ ದಿನ ಬರೆಯಿರಿ. ಲೇಬಲ್ಲಿನ ಛಾಯಾಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಸಿಂಪಡಿಸುವವರಿಗೂ ಕಳುಹಿಸಿ. ವಿಷಶೇಷದ ಬಗ್ಗೆ ಕೇಳುವ ಖರೀದಿದಾರರಿಗೆ ತೋರಿಸಲೂ ಈ ಪುಸ್ತಕ ಉಪಯುಕ್ತ.
- ಕಲಸುವ ಹಂತದಲ್ಲಿ ವಿಷ ಅತಿ ಸಾಂದ್ರವಾಗಿರುತ್ತದೆ. ಅಳತೆ ಲೋಟ, ಉದ್ದನೆಯ ಕೋಲು, ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಬಟ್ಟೆಯ ಕೈಗವಸು ಬೇಡ.
- ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಗಂಬೂಟು ಧರಿಸಿ. ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ. ಪಂಪು ಮತ್ತು ಬೆನ್ನಿನ ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಸೋರುವ ಪಂಪನ್ನು ದುರಸ್ತಿ ಮಾಡಿಸದೆ ಕೊಡಬೇಡಿ.
- ಬೆಳಗಿನ ತಂಪಿನಲ್ಲಿ, ಗಾಳಿ ಕಡಿಮೆಯಿರುವಾಗ ಸಿಂಪಡಿಸಿ. ಸಿಂಪಡಿಸಿದ ಸಾಲಿನಿಂದ ಹಿಂದಕ್ಕೆ ಸರಿಯುತ್ತಾ ಸಾಗಿ. ಹೊಲದಲ್ಲಿ ಸೋಪು ಮತ್ತು ಒಂದು ಬಿಂದಿಗೆ ಶುದ್ಧ ನೀರು ಇರಲಿ.
- ಲೇಬಲ್ಲಿನಲ್ಲಿ ಹೇಳಿದ ಅವಧಿ ಮುಗಿಯುವವರೆಗೆ, ಕನಿಷ್ಠ 24 ಗಂಟೆಗಳ ಕಾಲ, ಯಾರನ್ನೂ ಹೊಲಕ್ಕೆ ಇಳಿಸಬೇಡಿ. ಕೊಯ್ಲು ಮುಗಿಸಿ ನಂತರ ಸಿಂಪಡಿಸುವ ಕ್ರಮ ಇಬ್ಬರಿಗೂ ಅನುಕೂಲ.
- ಅಸ್ವಸ್ಥರಾದವರ ಬಟ್ಟೆ ತೆಗೆದು ಸೋಪಿನಿಂದ ಮೈ ತೊಳೆಯಿರಿ. ನೆರವಾಗುವವರೂ ಕೈಗವಸು ಧರಿಸಿರಲಿ. ವಾಂತಿ ಮಾಡಿಸಬೇಡಿ. ಬಾಟಲಿ ಅಥವಾ ಲೇಬಲ್ ಸಹಿತ 108 ವಾಹನದಲ್ಲಿ ಆಸ್ಪತ್ರೆಗೆ ಕಳುಹಿಸಿ.

ಎಲ್ಲಕ್ಕಿಂತ ಉತ್ತಮ ರಕ್ಷಣೆ ಸಿಂಪರಣೆಗಳ ಸಂಖ್ಯೆಯನ್ನೇ ಇಳಿಸುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಅಭೇದ್ ತಳಿಗಳು ಎಲೆ ಮುಟುರು ಸೇರಿದಂತೆ ಹಲವು ರೋಗಗಳಿಗೆ ನಿರೋಧಕವಾಗಿವೆ. ನೈಲಾನ್ ಪರದೆಯಡಿ ಸಸಿಮಡಿ, ಹೊಲದ ಅಂಚಿಗೆ ಮುಸುಕಿನ ಜೋಳ, ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ, ಹಳದಿ ಅಂಟುಬಲೆ, ಮೋಹಕ ಬಲೆಗಳು ಕೀಟಗಳ ಒತ್ತಡವನ್ನು ತಗ್ಗಿಸುತ್ತವೆ. ಮಾವಿನಲ್ಲಿ ನಡುನೆತ್ತಿಯ ಕೊಂಬೆ ಸವರಿ ಬೆಳಕು ಬಿಟ್ಟರೆ ಜಿಗಿಹುಳು ಕಡಿಮೆಯಾಗುತ್ತದೆ. ಹಣ್ಣುನೊಣಕ್ಕೆ ಮೀಥೈಲ್ ಯೂಜಿನಾಲ್ ಬಲೆ ಪರಿಣಾಮಕಾರಿ.

ವಿಸ್ತರಣಾ ಕಾರ್ಯಕರ್ತರಿಗೆ

ನಮ್ಮ ತರಬೇತಿಗಳಿಗೆ ಬರುವವರು ಪಹಣಿಯಲ್ಲಿ ಹೆಸರಿರುವವರು. ಪಂಪು ಹೊರುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಕ್ಷೇತ್ರ ಭೇಟಿಯಲ್ಲಿ ‘ಯಾವ ರೋಗ, ಯಾವ ಕೀಟ’ ಎಂಬ ಪ್ರಶ್ನೆಗಳ ಜೊತೆಗೆ ‘ಸಿಂಪಡಿಸುವವರು ಯಾರು, ಈ ವಾರ ಇನ್ನೆಷ್ಟು ಹೊಲಗಳಲ್ಲಿ ಸಿಂಪಡಿಸಿದ್ದಾರೆ’ ಎಂಬ ಪ್ರಶ್ನೆಯೂ ಸೇರಲಿ. ಕೂಲಿಯವರು ಮುಂಜಾನೆ ಸೇರುವ ಸ್ಥಳಗಳಲ್ಲಿ, ಕೊಯ್ಲಿನ ಮಹಿಳೆಯರ ಸ್ವಸಹಾಯ ಗುಂಪುಗಳಲ್ಲಿ ಅರ್ಧ ಗಂಟೆಯ ಪ್ರಾತ್ಯಕ್ಷಿಕೆ ನಡೆಸಬಹುದು. ಮಾರಾಟಗಾರರ ‘ದೇಸಿ’ ಡಿಪ್ಲೊಮಾ ತರಬೇತಿಯಲ್ಲೂ ಈ ವಿಷಯಕ್ಕೆ ಒತ್ತು ನೀಡಬೇಕು.

ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಮಹಾವಿದ್ಯಾಲಯ, ವೈದ್ಯಕೀಯ ಮಹಾವಿದ್ಯಾಲಯ ಮೂರೂ ಇವೆ. ಸಿಂಪರಣೆಯ ಹಂಗಾಮಿಗೆ ಮೊದಲೊಮ್ಮೆ, ನಡುವೆಯೊಮ್ಮೆ ರಕ್ತದ ಕೊಲಿನೆಸ್ಟರೇಸ್ ಪರೀಕ್ಷೆಯ ಶಿಬಿರವನ್ನು ಈ ಸಂಸ್ಥೆಗಳು ಒಟ್ಟಾಗಿ ಏರ್ಪಡಿಸಿದರೆ ಯಾರಿಗೆ ಕೆಲವು ವಾರ ಬೇರೆ ಕೆಲಸ ಕೊಡಬೇಕೆಂಬುದು ತಿಳಿಯುತ್ತದೆ. ವಿಷಬಾಧೆಯ ಬಗ್ಗೆ ವೈದ್ಯರು ಮತ್ತು ಸಾರ್ವಜನಿಕರು ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವನ್ನು 1800-116-117 ಉಚಿತ ಸಂಖ್ಯೆಯಲ್ಲಿ, ರೈತರು ಬೆಳೆ ಸಲಹೆಗೆ ಕಿಸಾನ್ ಕರೆ ಕೇಂದ್ರವನ್ನು 1800-180-1551ರಲ್ಲಿ ಸಂಪರ್ಕಿಸಬಹುದು.

ಹೊಸ ಸಂಹಿತೆ ಕಾರ್ಖಾನೆಯ ಬಾಗಿಲವರೆಗೆ ಬಂದಿದೆ. ಹೊಲದ ಬದುವನ್ನು ಅದು ದಾಟುವವರೆಗೆ ಸಿಂಪರಣೆ ಮಾಡುವವರ ರಕ್ಷಣೆ ಹೊಲದ ಮಾಲೀಕರ ಮತ್ತು ಸಲಹೆ ನೀಡುವವರ ಹೊಣೆಯಾಗಿಯೇ ಉಳಿಯುತ್ತದೆ. ಬರಲಿರುವ ಹಂಗಾಮಿನ ಮೊದಲ ಸಿಂಪರಣೆಯಿಂದಲೇ ಪ್ರತಿ ಹೊಲದಲ್ಲೂ ಸಿಂಪರಣಾ ಪುಸ್ತಕ ಆರಂಭವಾಗಲಿ.