ಕೇರಿಯ ಕೆಂಡ ಬೇಕು, ಕೇರಿಯವರು ಬೇಡವೇ?

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಹಲಗೆಯ ಸದ್ದು ಏಳುತ್ತದೆ. ಹಿಂಗಾರಿ ಜೋಳ, ಕಡಲೆ ರಾಶಿಯಾಗಿ ಮನೆ ಸೇರುವ ಕಾಲವಿದು. ಹುಡುಗರು ಕಟ್ಟಿಗೆ, ಕುಳ್ಳು ಕದ್ದು ತಂದು ಒಟ್ಟುತ್ತಾರೆ. ಕಾಮಣ್ಣನನ್ನು ಸುಟ್ಟು ಬಾಯಿ ಬಡಿದುಕೊಳ್ಳುತ್ತಾರೆ. ಆಮೇಲೆ ಬಣ್ಣದಾಟ, ಮನೆಯಲ್ಲಿ ಹೋಳಿಗೆಯೂಟ.

ಇದು ಪುರಾಣದ ಹಬ್ಬ, ಬಸವಾನುಯಾಯಿಗಳಿಗೆ ಸಲ್ಲದು ಎನ್ನುವವರು ನಮ್ಮಲ್ಲಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಹೊನ್ನು, ಹೆಣ್ಣು, ಮಣ್ಣು ಮಾಯೆಯಲ್ಲ, ಮನದೊಳಗಿನ ಆಸೆಯೇ ಮಾಯೆ ಎಂದು ಅಲ್ಲಮಪ್ರಭುದೇವರು ತಿಳಿಸಿಕೊಟ್ಟ ಮೇಲೆ ಕಟ್ಟಿಗೆಯ ಕಾಮನನ್ನು ಸುಟ್ಟು ಆಗಬೇಕಾದುದೇನು? ಜೇಡರ ದಾಸಿಮಯ್ಯ ಮತ್ತು ದುಗ್ಗಳೆ ಸಂಸಾರದಲ್ಲಿದ್ದೇ ಶರಣರಾದರು. ಹಬ್ಬದ ಹೆಸರಿನಲ್ಲಿ ಹೆಣ್ಣುಮಕ್ಕಳು ತಲೆತಗ್ಗಿಸುವಂತೆ ಕೂಗುವ ಹೊಲಸು ಮಾತುಗಳಂತೂ ನಿಲ್ಲಲೇಬೇಕು. ಆದರೆ ಈ ಹಬ್ಬದಲ್ಲಿ ನಾವು ಬಿಡಬಾರದ ಒಂದು ಸಂಗತಿಯಿದೆ. ಅದು ಕಾಮಣ್ಣನಲ್ಲ, ಅವನನ್ನು ಸುಡುವ ಬೆಂಕಿ.

ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಕಾಮದಹನಕ್ಕೆ ಬೆಂಕಿ ಬರುವುದು ದಲಿತರ ಮನೆಯಿಂದ. ನಾನು ಹುಡುಗನಾಗಿದ್ದಾಗ ನಮ್ಮೂರ ಹಿರಿಯರು ಹಲಗೆ ಬಾರಿಸುತ್ತ ಕೇರಿಗೆ ಹೋಗಿ ಕೆಂಡ ಕೇಳಿ ತರುತ್ತಿದ್ದರು. ಕಾಮ ಸುಟ್ಟ ಮೇಲೆ ಅದೇ ಬೆಂಕಿಯನ್ನು ಕುಳ್ಳಿನ ಮೇಲಿಟ್ಟುಕೊಂಡು ಎಲ್ಲರೂ ಮನೆಗೆ ಒಯ್ಯುತ್ತಿದ್ದರು. ಗೌಡರ ಮನೆಗೂ ಅದೇ, ಅಯ್ಯನವರ ಮನೆಗೂ ಅದೇ. ನಮ್ಮವ್ವ ಅದರಿಂದ ಒಲೆ ಹೊತ್ತಿಸಿ ಕಡಲೆ ಹುರಿದು ಕೊಡುತ್ತಿದ್ದಳು. ಆ ಕೆಂಡ ಮೈಲಿಗೆ ಎಂದು ಯಾರೂ ಅಂದದ್ದು ನಾನು ಕೇಳಲಿಲ್ಲ. ಕೆಂಡ ಕೊಟ್ಟವರು ಮಾತ್ರ ಮರುದಿನ ನಮ್ಮ ಹೊಸ್ತಿಲ ಹೊರಗೇ ನಿಂತು ಹೋಳಿಗೆ ಇಸಿದುಕೊಳ್ಳುತ್ತಿದ್ದರು.

ಮುಂದೆ ಎಂಜಿನಿಯರನಾಗಿ ಒಂದು ಹಳ್ಳಿಗೆ ಕುಡಿಯುವ ನೀರಿನ ಪೈಪು ಹಾಕಿಸಲು ಹೋದೆ. ಊರಿನ ಹಿರಿಯರು, ಕೊರಳಲ್ಲಿ ಲಿಂಗವಿದ್ದವರು, ಬದಿಗೆ ಕರೆದು ಹೇಳಿದರು: “ಸಾಹೇಬರ, ಕೇರಿಗೆ ಬ್ಯಾರೆ ಲೈನ್ ಕೊಡ್ರಿ, ನಮ್ಮ ನಳಕ್ಕ ಅವರು ಬರೂದು ಬ್ಯಾಡ.” ಟ್ಯಾಂಕು ಒಂದೇ, ನೀರೂ ಒಂದೇ ಎಂದೆ. ಅವರು ನಕ್ಕರು. ಬೇರೆ ಲೈನನ್ನೇ ಹಾಕಿಸಿದೆ. ನೀರಿನ ಒತ್ತಡ ಸಮನಾಗಿ ಸಿಗಲಿ ಎಂಬ ಕಾರಣವನ್ನು ಕಡತದಲ್ಲಿ ಬರೆದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ನಿವೃತ್ತನಾದ ಮೇಲೂ ಆ ಸಾಲು ನನ್ನನ್ನು ಬಿಟ್ಟಿಲ್ಲ.

12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಆ ಶರಣರು ಎಳೆಹೂಟೆಯ ಶಿಕ್ಷೆ ಅನುಭವಿಸಿದರು. ಅವರ ಹೆಸರು ಹೇಳಿ ಭಾಷಣ ಮಾಡುವ ನಾವು ಇಂದಿಗೂ ಸಂಬಂಧ ಬೆಳೆಸುವಾಗ ಲಿಂಗಾಯತರಲ್ಲೇ ಒಳಪಂಗಡ ಕೇಳುತ್ತೇವೆ. ಕೇರಿಯ ಮಾತು ಇನ್ನೂ ದೂರವೇ ಉಳಿಯಿತು.

ಈಗ ಮನೆಮನೆಗೆ ಗ್ಯಾಸ್ ಒಲೆ ಬಂದಿದೆ. ಕೆಂಡ ಒಯ್ಯುವವರು ಕಡಿಮೆಯಾಗಿದ್ದಾರೆ. ಆ ರೂಢಿಯೂ ಮರೆತುಹೋದರೆ ನಮ್ಮನ್ನು ಪ್ರಶ್ನಿಸುವ ಒಂದು ಸಾಕ್ಷಿಯೇ ಇಲ್ಲವಾಗುತ್ತದೆ. ಇಡೀ ಊರಿನ ಒಲೆಗೆ ಕೇರಿಯ ಬೆಂಕಿ ಆಗುವುದಾದರೆ, ಆ ಒಲೆಯ ಮೇಲಿನ ಅಡುಗೆಗೆ ಕೇರಿಯವರು ಏಕೆ ಆಗಬಾರದು?

ಆದ್ದರಿಂದ ಬಸವ ಬಳಗದವರಲ್ಲಿ ನನ್ನದೊಂದು ಅರಿಕೆ. ಈ ಹೋಳಿ ಹುಣ್ಣಿಮೆಗೆ ಕೆಂಡ ಕೇಳಲು ಹೋದವರು ಬರಿಗೈಯಲ್ಲಿ ಹೋಗದೆ ಊಟದ ಆಮಂತ್ರಣ ಒಯ್ಯಲಿ. ಕೆಂಡ ಕೊಟ್ಟ ಮನೆಯವರನ್ನು ಒಳಗೆ ಕರೆದು, ಒಂದೇ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಣ್ಣೋಣ. ಮುಂದಿನ ಸಲ ಅವರು ಕರೆದರೆ ಅವರ ಮನೆಯಲ್ಲೂ ಉಣ್ಣೋಣ. ಮಠದ ದಾಸೋಹದಲ್ಲಿ ಒಟ್ಟಿಗೆ ಕುಳಿತವರಿಗೆ ಮನೆಯ ಪಡಸಾಲೆಯಲ್ಲಿ ಕುಳಿತುಕೊಳ್ಳುವುದು ಕಷ್ಟವಾಗಬಾರದು. ಅಷ್ಟಾದರೆ ಆ ರಾತ್ರಿ ಸುಡಬೇಕಾದುದು ನಿಜವಾಗಿ ಸುಟ್ಟಂತೆ.